ಎಲ್ಲರೂ ಬಳಸುವ ಕಂಪ್ಯೂಟರ್‌ನಲ್ಲಿ ಪ್ರಿಂಟ್ ಸರಿಯಾಗಿ ಬರಲು ಹೀಗೆ ಮಾಡಿ

ಪಂಚಾಯಿತಿ ಗ್ರಂಥಾಲಯ, ಕಾಲೇಜು ಲ್ಯಾಬ್, ಸೈಬರ್ ಸೆಂಟರ್ ಎಲ್ಲೇ ಹೋಗಿ, ಈ ದೂರು ಇದ್ದೇ ಇರುತ್ತದೆ. ಅರ್ಜಿ ಪ್ರಿಂಟ್ ಕೊಟ್ಟರೆ ಕೊನೆಯ ಎರಡು ಸಾಲು ಇನ್ನೊಂದು ಹಾಳೆಗೆ ಹೋಗುತ್ತವೆ. ಇಲ್ಲವೇ ಕಾಗದವೇ ಬರುವುದಿಲ್ಲ, ಫೈಲು ಪಿಡಿಎಫ್ ಆಗಿ ಎಲ್ಲೋ ಸೇವ್ ಆಗಿರುತ್ತದೆ. ಹಾಳಾದ ಹಾಳೆಗೂ ದುಡ್ಡು ಕೊಡುವವರು ಹಾಲ್ ಟಿಕೆಟ್‌ಗೆ ಬಂದ ಹುಡುಗಿ, ಪಹಣಿಗೆ ಬಂದ ರೈತ.

ತಪ್ಪು ಅವರದ್ದಲ್ಲ. ಕ್ರೋಮ್ ಬ್ರೌಸರ್ ಕೊನೆಯ ಬಾರಿ ಆರಿಸಿದ ಪ್ರಿಂಟರನ್ನೇ ನೆನಪಿಟ್ಟುಕೊಂಡು ಮತ್ತೆ ತೋರಿಸುತ್ತದೆ. ಮನೆಯಲ್ಲಿ ಇದು ಅನುಕೂಲ. ಆದರೆ ಇಲ್ಲಿ ಹಿಂದಿನವರು ‘ಸೇವ್ ಆಸ್ ಪಿಡಿಎಫ್’ ಒತ್ತಿ ಹೋಗಿದ್ದರೆ ಮುಂದಿನವರಿಗೂ ಅದೇ ಗತಿ. ಗೋಡೆಗೆ ಸೂಚನೆ ಅಂಟಿಸಿದರೆ ಸಾಲದು, ಕಂಪ್ಯೂಟರನ್ನೇ ಸರಿಪಡಿಸಬೇಕು. ಅಡ್ಮಿನ್ ಲಾಗಿನ್ ಇರುವವರೇ ಈ ಕೆಲಸ ಮಾಡಬೇಕು.

ಮೊದಲು ವಿಂಡೋಸ್. ಇದನ್ನು ಜನ ಬಳಸುವ ಲಾಗಿನ್‌ನಲ್ಲೇ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ತೆರೆಯಿರಿ. ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಆನ್ ಇದ್ದರೆ ಆಫ್ ಮಾಡಿ. ಅದು ಆನ್ ಇದ್ದಷ್ಟು ಕಾಲ ಡೀಫಾಲ್ಟ್ ಪ್ರಿಂಟರ್ (ಬೇರೆ ಆರಿಸದಿದ್ದರೆ ತಾನಾಗಿ ಬರುವ ಪ್ರಿಂಟರ್) ಬದಲಾಗುತ್ತಲೇ ಇರುತ್ತದೆ. ಆಮೇಲೆ ನಿಮ್ಮ ಪ್ರಿಂಟರ್ ಆರಿಸಿ ‘ಸೆಟ್ ಆಸ್ ಡೀಫಾಲ್ಟ್’ ಒತ್ತಿ.

ಎರಡನೆಯದು ಕಾಗದದ ಅಳತೆ. ಹೆಚ್ಚಿನವರು ಎಡವುವುದು ಇಲ್ಲೇ. ‘ಪ್ರಿಂಟಿಂಗ್ ಪ್ರಿಫರೆನ್ಸಸ್’ನಲ್ಲಿ ಎ4 ಆರಿಸಿ ಸುಮ್ಮನಾಗುತ್ತಾರೆ. ಅದು ಆ ಒಂದು ಲಾಗಿನ್‌ಗೆ ಮಾತ್ರ. ಎಲ್ಲರಿಗೂ ಅನ್ವಯಿಸಬೇಕಾದರೆ ‘ಪ್ರಿಂಟರ್ ಪ್ರಾಪರ್ಟೀಸ್’ಗೆ ಹೋಗಿ, ‘ಅಡ್ವಾನ್ಸ್ಡ್’ ಟ್ಯಾಬ್‌ನಲ್ಲಿ ‘ಪ್ರಿಂಟಿಂಗ್ ಡೀಫಾಲ್ಟ್ಸ್’ ಒತ್ತಿ, ಅಲ್ಲಿ ಎ4 ಮಾಡಿ. ಕೆಲವು ಪ್ರಿಂಟರ್‌ಗಳಲ್ಲಿ ಅಮೆರಿಕದ ‘ಲೆಟರ್’ ಅಳತೆ ಇರುತ್ತದೆ. ಅದರ ಉದ್ದ 279 ಮಿ.ಮೀ., ಎ4 ಉದ್ದ 297 ಮಿ.ಮೀ. ಈ 18 ಮಿ.ಮೀ. ಕೊರತೆಯಿಂದಲೇ ಎಷ್ಟೋ ಸಲ ಕೊನೆಯ ಸಾಲು ಮುಂದಿನ ಹಾಳೆಗೆ ಜಾರುತ್ತದೆ.

ಇನ್ನು ಕ್ರೋಮ್. ಸ್ಟಾರ್ಟ್ ಮೆನುವಿನಲ್ಲಿ ‘ರಿಜಿಸ್ಟ್ರಿ ಎಡಿಟರ್’ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್ಸ್ ಬದಲಿಸುವ ಸಾಧನ) ತೆರೆಯಿರಿ. ಏನನ್ನೂ ಮುಟ್ಟುವ ಮೊದಲು ಫೈಲ್ ಮೆನುವಿನ ‘ಎಕ್ಸ್‌ಪೋರ್ಟ್’ನಿಂದ ಒಂದು ಪ್ರತಿ ಉಳಿಸಿ, ಇದನ್ನು ಮಾತ್ರ ಮರೆಯಬೇಡಿ. ಲೋಕಲ್ ಮಷೀನ್ (HKEY_LOCAL_MACHINE), ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್, ಹೀಗೆ ಒಂದರೊಳಗೊಂದು ಹೋಗಿ. ಕೊನೆಯ ಎರಡು ಇಲ್ಲದಿದ್ದರೆ ನೀವೇ ಸೃಷ್ಟಿಸಿ. ಅಲ್ಲಿ ಎರಡು ‘ಡಿವರ್ಡ್’ (DWORD, ಅಂದರೆ ಬೆಲೆಯನ್ನು ಸಂಖ್ಯೆಯಾಗಿ ಇಡುವ) ನಮೂದು ಬೇಕು, ಹೆಸರುಗಳನ್ನು ಜಾಗ ಬಿಡದೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ‘ಪ್ರಿಂಟ್‌ಪ್ರಿವ್ಯೂಯೂಸ್‌ಸಿಸ್ಟಮ್‌ಡೀಫಾಲ್ಟ್‌ಪ್ರಿಂಟರ್’ (PrintPreviewUseSystemDefaultPrinter) ಎಂಬುದಕ್ಕೆ ಬೆಲೆ 1. ‘ಪ್ರಿಂಟ್‌ಹೆಡರ್‌ಫುಟರ್’ (PrintHeaderFooter) ಎಂಬುದಕ್ಕೆ ಬೆಲೆ 0. ಮೊದಲನೆಯದರಿಂದ ಪ್ರತಿ ಸಲವೂ ವಿಂಡೋಸ್‌ನ ಡೀಫಾಲ್ಟ್ ಪ್ರಿಂಟರೇ ಮೊದಲು ಕಾಣುತ್ತದೆ. ಪಿಡಿಎಫ್ ಬೇಕಾದವರು ಆಗಲೂ ಆರಿಸಿಕೊಳ್ಳಬಹುದು. ಎರಡನೆಯದರಿಂದ ಹಾಳೆಯ ಅಂಚಿನಲ್ಲಿ ತಾರೀಖು, ವೆಬ್ ವಿಳಾಸ ಬರುವುದು ನಿಲ್ಲುತ್ತದೆ. ಅರ್ಜಿಗಳೇ ಜಾಸ್ತಿ ಪ್ರಿಂಟ್ ಆಗುವ ಕಡೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಕ್ರೋಮ್ ಮುಚ್ಚಿ ತೆರೆಯಿರಿ. ವಿಳಾಸ ಪಟ್ಟಿಯಲ್ಲಿ ‘ಕ್ರೋಮ್://ಪಾಲಿಸಿ’ ಎಂದು ಇಂಗ್ಲಿಷ್‌ನಲ್ಲಿ ಕೊಟ್ಟರೆ ಎರಡೂ ನಮೂದು ಕಾಣಬೇಕು. ಕಾಣದಿದ್ದರೆ ಹೆಸರಿನ ಸ್ಪೆಲ್ಲಿಂಗ್ ನೋಡಿ. ಸ್ಕೇಲ್, ಮಾರ್ಜಿನ್ ಮಾತ್ರ ಹಿಂದಿನವರದ್ದೇ ಉಳಿದಿರಬಹುದು. ಪ್ರಿಂಟ್ ಒತ್ತುವ ಮೊದಲು ‘ಮೋರ್ ಸೆಟ್ಟಿಂಗ್ಸ್’ನಲ್ಲಿ ಎರಡೂ ‘ಡೀಫಾಲ್ಟ್’ ಇವೆಯೇ ಎಂದು ಕಣ್ಣಾಡಿಸಿ.

ಮತ್ತೊಂದು ಕೆಲಸ ಬಾಕಿ ಇದೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಮೊದಲು ಹೋಗಿದ್ದ ‘ಅಡ್ವಾನ್ಸ್ಡ್’ ಟ್ಯಾಬ್‌ನಲ್ಲೇ ‘ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್’ ಎಂಬುದಕ್ಕೆ ಟಿಕ್ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಪ್ರಿಂಟ್ ಆದ ಮೇಲೂ ಜನರ ಆಧಾರ್, ಪಾಸ್‌ಬುಕ್ ಪ್ರತಿ ಪ್ರಿಂಟರ್‌ನ ಸರದಿ ಪಟ್ಟಿಯಲ್ಲೇ (ಕ್ಯೂ) ಕೂತಿರುತ್ತವೆ. ಕಾಗದ ಮುಗಿದು ನಿಂತ ಪ್ರಿಂಟ್‌ಗಳನ್ನೂ ಸಂಜೆ ರದ್ದು ಮಾಡಿ. ಮರುದಿನ ಹಾಳೆ ತುಂಬಿದ ತಕ್ಷಣ ಅವು ಬೇರೆಯವರ ಕೈಗೆ ಬರುತ್ತವೆ. ಡೌನ್‌ಲೋಡ್ಸ್ ಫೋಲ್ಡರ್ ಮತ್ತು ರೀಸೈಕಲ್ ಬಿನ್ ಎರಡನ್ನೂ ಖಾಲಿ ಮಾಡಿಯೇ ಬಾಗಿಲು ಹಾಕಿ.