ಹಜಾರದ ಗೋಡೆಗೊಂದು ದೊಡ್ಡ ಚಿತ್ರ: ನನ್ನ ಅನುಭವ

ನಮ್ಮ ಹಜಾರದಲ್ಲಿ ಸೋಫಾದ ಹಿಂದಿರುವ ಗೋಡೆ 360 ಸೆಂಟಿಮೀಟರ್ ಅಗಲವಿದೆ. ಬಹಳ ಕಾಲ ಅದರ ನಡುವೆ 60 ಸೆಂ.ಮೀ. ಅಗಲದ ಚಿತ್ರವೊಂದು ತೂಗುತ್ತಿತ್ತು. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಅಷ್ಟು ದೊಡ್ಡ ಗೋಡೆಯ ಮೇಲೆ ಅದು ಬೊಟ್ಟಿಟ್ಟಂತೆ ಕಾಣುತ್ತಿತ್ತು, ಕೋಣೆಗೆ ಬಂದವರ ಕಣ್ಣು ಅದರ ಮೇಲೆ ನಿಲ್ಲುತ್ತಿರಲಿಲ್ಲ. ಚಿತ್ರದ ಹಿರಿಮೆಗೂ ಅದರ ಗಾತ್ರಕ್ಕೂ ಸಂಬಂಧವಿಲ್ಲವೆಂಬುದು ನಿಜ. ಜಗತ್ತಿನಲ್ಲೇ ಅತ್ಯಂತ ಹೆಸರಾದ ಮೋನಾಲಿಸಾ ಚಿತ್ರದ ಅಳತೆ 77 × 53 ಸೆಂ.ಮೀ. ಮಾತ್ರ. ಆದರೆ ಹಜಾರದ ಗೋಡೆಗೆ ತನ್ನದೇ ಆದ ಅಳತೆಯಿರುತ್ತದೆ, ಎದುರಿಗೆ ಕುಳಿತು ನೋಡುವವರಿಗೂ ನಿರ್ದಿಷ್ಟ ದೂರವಿರುತ್ತದೆ. ಈ ಎರಡನ್ನೂ ಮೊದಲು ತಿಳಿದುಕೊಂಡು, ಆಮೇಲೆ ಚಿತ್ರ ಹುಡುಕಬೇಕೆಂದು ನಾನು ನಿಶ್ಚಯಿಸಿದೆ.

ಸೋಫಾದ ಅಗಲ 210 ಸೆಂ.ಮೀ. ಪೀಠೋಪಕರಣದ ಮೇಲೆ ತೂಗುವ ಚಿತ್ರ ಅದರ ಅಗಲದ ಮೂರರಲ್ಲಿ ಎರಡು ಪಾಲಿನಿಂದ ನಾಲ್ಕರಲ್ಲಿ ಮೂರು ಪಾಲಿನವರೆಗೆ ಇದ್ದರೆ ಒಪ್ಪುತ್ತದೆ ಎಂಬ ರೂಢಿಯ ಲೆಕ್ಕದಂತೆ, ನನಗೆ ಬೇಕಾದದ್ದು ಸುಮಾರು 140ರಿಂದ 158 ಸೆಂ.ಮೀ. ಅಗಲದ ಚಿತ್ರ. ಲೆಕ್ಕವನ್ನೊಂದೇ ನಂಬದೆ, ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಮೂರು ಅಳತೆಯ ಹಾಳೆಗಳನ್ನು ಮಾಡಿಕೊಂಡೆ: 120 × 80, 150 × 100 ಮತ್ತು 200 × 150. ಒಂದೊಂದನ್ನೂ ನಾಲ್ಕೈದು ದಿನ ಗೋಡೆಗೆ ಅಂಟಿಸಿಟ್ಟು, ಬೆಳಿಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ, ಬಾಗಿಲಿನಿಂದ ಒಳಬರುವಾಗ, ಎದುರಿನ ಕುರ್ಚಿಯಲ್ಲಿ ಕುಳಿತಾಗ ನೋಡಿದೆವು. 120 ಸೆಂ.ಮೀ. ಹಾಳೆ ಮೊದಲ ದಿನ ಸಾಕೆನಿಸಿದರೂ ಮೂರನೆಯ ದಿನಕ್ಕೆ ಚಿಕ್ಕದಾಗಿ ಕಂಡಿತು. 200 ಸೆಂ.ಮೀ. ಹಾಳೆ ನನಗೆ ತುಂಬ ಹಿಡಿಸಿತ್ತು. ಅದನ್ನು ಬಿಟ್ಟುಕೊಡಲು ಕಾರಣವಾದದ್ದು ಗೋಡೆಯಲ್ಲ, ಮೆಟ್ಟಿಲು. ಎರಡು ಮರದ ಪಟ್ಟಿಗಳನ್ನು ಅದೇ ಅಳತೆಗೆ ಅಡ್ಡಲಾಗಿ ಕಟ್ಟಿ, ಇಬ್ಬರು ಹಿಡಿದು ಮೆಟ್ಟಿಲೇರಿ ನೋಡಿದಾಗ, ತಿರುವಿನಲ್ಲಿ ಅದು ಹೊರಳಲೇ ಇಲ್ಲ. ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಚ್ಚಿ, ಬಣ್ಣದ ಮುಖ ಹೊರಗಿರುವಂತೆ ಸುರುಳಿ ಸುತ್ತಿ ತರಬಹುದು. ಆದರೆ ದಪ್ಪವಾಗಿ ಬಣ್ಣ ಹಚ್ಚಿದ ಚಿತ್ರ ಸುತ್ತಿದರೆ ಬಿರುಕು ಬಿಡುವ ಸಂಭವವಿದೆ. ಆದ್ದರಿಂದ 150 × 100ಕ್ಕೆ ನಿಂತೆ.

ಚಿತ್ರ ಆರಿಸುವ ಮೊದಲು ಇನ್ನೊಂದು ಕೆಲಸ ಮಾಡಿದೆ. ರಜೆಯ ದಿನವೊಂದರಲ್ಲಿ ಗಂಟೆಗೊಮ್ಮೆ ಗೋಡೆಯನ್ನು ನೋಡಿ, ಬಿಸಿಲು ಎಲ್ಲಿ ಬೀಳುತ್ತದೆಂದು ಗುರುತು ಹಾಕಿಕೊಂಡೆ. ಮಧ್ಯಾಹ್ನದ ಮೇಲೆ ಸುಮಾರು 40 ನಿಮಿಷ ಗೋಡೆಯ ಎಡಭಾಗಕ್ಕೆ ನೇರ ಬಿಸಿಲು ತಾಗುತ್ತಿತ್ತು. ಕಾಗದದ ಮೇಲಿನ ಜಲವರ್ಣ ಚಿತ್ರಗಳಿಗೆ ವಸ್ತುಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ 50 ಲಕ್ಸ್, ತೈಲವರ್ಣಕ್ಕೆ 200 ಲಕ್ಸ್ ಬೆಳಕಿನ ಮಿತಿಯಿಟ್ಟುಕೊಳ್ಳುತ್ತಾರೆ; ನೇರ ಬಿಸಿಲಾದರೋ ಹತ್ತಾರು ಸಾವಿರ ಲಕ್ಸ್ ದಾಟುತ್ತದೆ. ಬಣ್ಣ ಮಾಸುವುದು ದಿನದಿನದ ಬೆಳಕಿನ ಒಟ್ಟು ಮೊತ್ತದಿಂದ, ಮತ್ತು ಮಾಸಿದ ಬಣ್ಣ ಮರಳಿ ಬರುವುದಿಲ್ಲ. ನನಗೆ ಜಲವರ್ಣದ ಮೇಲೆ ಬಹಳ ಪ್ರೀತಿ. ಆದರೂ ಆ ಗೋಡೆಗೆ ಅದು ಬೇಡವೆಂದು ಅಂದೇ ತೀರ್ಮಾನಿಸಿದೆ. ಕಾಗದದ ಚಿತ್ರಕ್ಕೆ ಗಾಜು ಬೇಕು, ಎದುರಿನ ಕಿಟಕಿ ಹಗಲೆಲ್ಲ ಆ ಗಾಜಿನಲ್ಲೇ ಕಾಣುತ್ತಿರುತ್ತದೆ ಎಂಬುದು ಎರಡನೆಯ ಕಾರಣ. ಕ್ಯಾನ್ವಾಸಿನ ಮೇಲಿನ ತೈಲವರ್ಣಕ್ಕೆ ಗಾಜಿನ ಅಗತ್ಯವಿಲ್ಲ. ಬಿಸಿಲು ತಾಗುವ ಹೊತ್ತಿಗೆ ಎಳೆಯಲು ಕಿಟಕಿಗೆ ದಪ್ಪ ಪರದೆಯನ್ನೂ ಹಾಕಿಸಿದೆ.

ಫೋನಿನ ಪರದೆಯಲ್ಲಿ ನೋಡಿ ದೊಡ್ಡ ಚಿತ್ರವನ್ನು ಆರಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಪರದೆಯಲ್ಲಿ ಎಲ್ಲ ಚಿತ್ರಗಳೂ ಅಂಗೈಯಗಲ. ಕುಂಚದ ಗುರುತು, ಬಣ್ಣದ ಪದರ, ಖಾಲಿ ಬಿಟ್ಟ ಜಾಗದ ವಿಸ್ತಾರ ಯಾವುದೂ ಅಲ್ಲಿ ತಿಳಿಯುವುದಿಲ್ಲ. ಕಲಾವಿದರೊಬ್ಬರ ಕಾರ್ಯಶಾಲೆಗೆ ಹೋಗಿ, ನಮ್ಮ ಹಜಾರದಲ್ಲಿ ಎದುರಿನ ಕುರ್ಚಿಗೂ ಗೋಡೆಗೂ ಇರುವಷ್ಟೇ, ಅಂದರೆ ಮೂರು ಮೀಟರ್ ದೂರದಲ್ಲಿ ಕುಳಿತು, ಕಣ್ಣನ್ನು ಅರೆಮುಚ್ಚಿ ನೋಡಿದೆ. ಹಾಗೆ ನೋಡಿದಾಗ ಸಣ್ಣ ವಿವರಗಳು ಮರೆಯಾಗಿ ಕತ್ತಲು ಬೆಳಕಿನ ದೊಡ್ಡ ಭಾಗಗಳಷ್ಟೇ ಉಳಿಯುತ್ತವೆ. ದೂರದಿಂದ ಚಿತ್ರ ಗಟ್ಟಿಯಾಗಿ ನಿಲ್ಲುವುದೋ ಇಲ್ಲವೋ ಎಂಬುದು ಆಗ ಗೊತ್ತಾಗುತ್ತದೆ. ಅನಂತರ ಒಂದು ಮೊಳ ದೂರಕ್ಕೆ ಹೋಗಿ ನಿಂತೆ. ಮಳೆ ನಿಂತ ಮೇಲಿನ ಬಯಲಿನ ಚಿತ್ರವದು. ಮೇಲಿನ ಮುಕ್ಕಾಲು ಭಾಗ ಬೂದು ನೀಲಿಯ ಆಕಾಶ, ಕೆಳಗೆ ಕೆಮ್ಮಣ್ಣಿನ ಒಂದು ಪಟ್ಟಿ. ದೂರದಿಂದ ಒಂದೇ ಬಣ್ಣವೆಂದು ಕಂಡ ಆಕಾಶದಲ್ಲಿ, ಹತ್ತಿರದಿಂದ ನೋಡಿದಾಗ ನೀಲಿಯ ಅಡಿಯಲ್ಲಿ ತೆಳುವಾದ ಗುಲಾಬಿ ಪದರವೊಂದು ಅಲ್ಲಲ್ಲಿ ಇಣುಕುತ್ತಿತ್ತು. ದಿನವೂ ಕಣ್ಣೆದುರಿಗಿರುವ ದೊಡ್ಡ ಚಿತ್ರಕ್ಕೆ ಈ ಎರಡು ದೂರದ ನೋಟವೂ ಬೇಕು. ದೂರದಿಂದ ಅಬ್ಬರಿಸಿ ಹತ್ತಿರ ಹೋದರೆ ಏನೂ ಇಲ್ಲದ ಚಿತ್ರ ಬೇಗ ಬೇಸರ ತರಿಸುತ್ತದೆ. ಆದರೂ ಆ ದಿನ ಕೊಳ್ಳಲಿಲ್ಲ. ಹತ್ತು ದಿನ ಬಿಟ್ಟು, ನೆನಪಿನಿಂದಲೇ ಅದರ ರೇಖಾಕೃತಿ ಬರೆಯಲು ಸಾಧ್ಯವಾದಾಗ ಮತ್ತೆ ಹೋದೆ. ಸೋಫಾದ ಬಟ್ಟೆಯ ಬಣ್ಣಕ್ಕೆ ಹೊಂದುವ ಚಿತ್ರ ತೆಗೆದುಕೊಳ್ಳಿ ಎಂದವರಿದ್ದರು. ಬಟ್ಟೆ ಕೆಲವು ವರ್ಷಗಳಲ್ಲಿ ಬದಲಾಗುತ್ತದೆ, ಅದಕ್ಕೋಸ್ಕರ ಚಿತ್ರವನ್ನು ಆರಿಸುವುದು ನನಗೆ ಸರಿಯೆನಿಸಲಿಲ್ಲ.

ತೂಗುಹಾಕುವ ಎತ್ತರದಲ್ಲಿ ಹೆಚ್ಚಿನ ಮನೆಗಳಲ್ಲಿ ತಪ್ಪಾಗುತ್ತದೆ. ನಮ್ಮ ಹಳೆಯ ಚಿತ್ರವೂ ಬಹಳ ಮೇಲಿತ್ತು. ಚಿತ್ರಶಾಲೆಗಳಲ್ಲಿ ಚಿತ್ರದ ನಡುಬಿಂದು ನೆಲದಿಂದ ಸುಮಾರು 145ರಿಂದ 152 ಸೆಂ.ಮೀ. ಎತ್ತರದಲ್ಲಿ ಬರುವಂತೆ ನೋಡಿಕೊಳ್ಳುವುದು ರೂಢಿ. ನಮ್ಮ ಸೋಫಾದ ಬೆನ್ನು 85 ಸೆಂ.ಮೀ. ಎತ್ತರ. ಅದರ ಮೇಲೆ 15 ಸೆಂ.ಮೀ. ಬಿಟ್ಟರೆ ಚಿತ್ರದ ಕೆಳಅಂಚು 100ಕ್ಕೆ, ನಡು 150ಕ್ಕೆ, ಮೇಲಂಚು 200ಕ್ಕೆ ಬರುತ್ತದೆ. ಇದಕ್ಕಿಂತ ಮೇಲೇರಿಸಿದರೆ ಚಿತ್ರಕ್ಕೂ ಸೋಫಾಕ್ಕೂ ನಂಟು ಕಡಿದುಹೋಗುತ್ತದೆ.

ಚೌಕಟ್ಟಿನೊಡನೆ ಚಿತ್ರದ ತೂಕ 9 ಕೆ.ಜಿ. ಚಿತ್ರವನ್ನು ಹಿಡಿದು ತೂಕದ ಯಂತ್ರದ ಮೇಲೆ ನಿಂತು, ನನ್ನ ತೂಕವನ್ನು ಕಳೆದು ಇದನ್ನು ಕಂಡುಕೊಂಡೆ. ಚೌಕಟ್ಟಿನ ಹಿಂದೆ ಎರಡು ಬಳೆಗಳ ನಡುವೆ ತಂತಿ ಬಿಗಿದು ಒಂದೇ ಮೊಳೆಗೆ ತೂಗುಹಾಕುವುದು ಸುಲಭ. ಆದರೆ ತಂತಿಯನ್ನು ಬಿಗಿಯಾಗಿ ಎಳೆದಷ್ಟೂ ಅದರ ಮೇಲಿನ ಸೆಳೆತ ಹೆಚ್ಚುತ್ತದೆ. ತಂತಿ ಅಡ್ಡಗೆರೆಗೆ 30 ಡಿಗ್ರಿ ಕೋನದಲ್ಲಿದ್ದರೆ ಅದರ ಒಂದೊಂದು ಬದಿಯ ಸೆಳೆತ ಚಿತ್ರದ ಪೂರ್ತಿ ತೂಕದಷ್ಟೇ ಇರುತ್ತದೆ. 10 ಡಿಗ್ರಿಗೆ ಇಳಿದರೆ 9 ಕೆ.ಜಿ. ಚಿತ್ರಕ್ಕೆ ಸುಮಾರು 26 ಕೆ.ಜಿ.ಯಷ್ಟಾಗುತ್ತದೆ, ಮತ್ತು ಆ ಬಲ ಚೌಕಟ್ಟಿನ ಎರಡು ಬದಿಗಳನ್ನೂ ಒಳಕ್ಕೆ ಎಳೆಯುತ್ತಿರುತ್ತದೆ. ಆದ್ದರಿಂದ ತಂತಿಯನ್ನು ತೆಗೆದುಹಾಕಿ, ಎರಡು ಬಳೆಗಳನ್ನು ನೇರವಾಗಿ ಎರಡು ಸ್ಕ್ರೂಗಳಿಗೆ ಸಿಕ್ಕಿಸಲು ನಿರ್ಧರಿಸಿದೆ.

ಬಳೆಗಳ ಸ್ಥಾನವನ್ನು ಗೋಡೆಗೆ ತರಲು ಅದೇ ಪತ್ರಿಕೆಯ ಹಾಳೆ ನೆರವಾಯಿತು. ಚಿತ್ರವನ್ನು ಮೆತ್ತನೆಯ ಹೊದಿಕೆಯ ಮೇಲೆ ಬೋರಲಾಗಿ ಮಲಗಿಸಿ, ಹಾಳೆಯನ್ನು ಬೆನ್ನಿಗೆ ಹಾಸಿ, ಬಳೆಗಳ ತೂಕ ನಿಲ್ಲುವ ಜಾಗಕ್ಕೆ ಪೆನ್ಸಿಲಿನಿಂದ ಚುಚ್ಚಿ ಗುರುತು ಮಾಡಿದೆ. ಒಂದು ಬಳೆ ಇನ್ನೊಂದಕ್ಕಿಂತ 6 ಮಿಲಿಮೀಟರ್ ಕೆಳಗಿತ್ತು. ಹಾಳೆಯನ್ನು ಗೋಡೆಗೆ ಅಂಟಿಸಿ, ರಸಮಟ್ಟವಿಟ್ಟು ಅಂಚನ್ನು ಸರಿಪಡಿಸಿ, ಡ್ರಿಲ್ ಕೈಗೆತ್ತಿಕೊಂಡಾಗ ತಪ್ಪು ಹೊಳೆಯಿತು. ಬೆನ್ನಿನಿಂದ ತೆಗೆದ ಗುರುತು ಗೋಡೆಯ ಮೇಲೆ ಎಡಬಲ ಅದಲುಬದಲಾಗುತ್ತದೆ. ಹಾಳೆಯನ್ನು ಮಗುಚಿ ಅಂಟಿಸಿದ ಮೇಲಷ್ಟೇ ತೂತು ಕೊರೆದೆ. ಹಾಗೆ ಮಾಡದಿದ್ದರೆ ಎರಡು ಬದಿಗಳ ನಡುವೆ 12 ಮಿಲಿಮೀಟರ್ ವ್ಯತ್ಯಾಸ ಬಂದು ಚಿತ್ರ ವಾಲಿ ನಿಲ್ಲುತ್ತಿತ್ತು. ನಮ್ಮದು ಇಟ್ಟಿಗೆ ಗೋಡೆ. ತೂತು ಗಿಲಾವನ್ನು ದಾಟಿ ಇಟ್ಟಿಗೆಯೊಳಕ್ಕೆ ಹೋಗುವಷ್ಟು ಆಳವಾಗಿ ಕೊರೆದು, ಪುಡಿಯನ್ನು ಊದಿ ತೆಗೆದು, ಪ್ಲಗ್ ಕೂರಿಸಿ ಸ್ಕ್ರೂ ಬಿಗಿದೆ. ಜಿಪ್ಸಮ್ ಹಲಗೆಯ ಗೋಡೆಯಾದರೆ ಒಳಗಿನ ಆಧಾರಕಂಬವನ್ನು ಹುಡುಕಿ ಅದಕ್ಕೇ ಸ್ಕ್ರೂ ಹಾಕುವುದು ಕ್ಷೇಮ.

ದೀಪದ ವಿಷಯ ಬೇಗ ಮುಗಿಯಿತು. ಚಾವಣಿಯ ದೀಪ ಲಂಬರೇಖೆಯಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಚಿತ್ರದ ಮೇಲೆ ಬೀಳುವಂತೆ ತಿರುಗಿಸಿದಾಗ ತೈಲವರ್ಣದ ಹೊಳಪು ಕಣ್ಣಿಗೆ ಹೊಡೆಯುವುದು ನಿಂತಿತು. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆಂದು ತಿಳಿಸುವ ಸಿಆರ್‌ಐ ಅಂಕಿ 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಬಲ್ಬು ಹಾಕಿದ ಮೇಲೆ, ಹಳೆಯ ಬಲ್ಬಿನಲ್ಲಿ ಕಂದಾಗಿ ಕಾಣುತ್ತಿದ್ದ ಕೆಮ್ಮಣ್ಣು ತನ್ನ ಕೆಂಪಿಗೆ ಮರಳಿತು.

ಚೌಕಟ್ಟಿನ ಕೆಳಗಿನ ಎರಡು ಮೂಲೆಗಳ ಹಿಂದೆ ಬೆಂಡಿನ ತುಂಡುಗಳನ್ನು ಅಂಟಿಸಿದ್ದೇನೆ. ಗೋಡೆಗೂ ಕ್ಯಾನ್ವಾಸಿಗೂ ನಡುವೆ ಗಾಳಿಯಾಡಿದರೆ ಬೂಷ್ಟು ಹಿಡಿಯುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಇಬ್ಬರು ಸೇರಿ ಚಿತ್ರವನ್ನು ಇಳಿಸಿ, ಹಿಂದಿನ ಗೋಡೆಯನ್ನು ಅಂಗೈಯಿಂದ ಮುಟ್ಟಿ ತೇವವಿದೆಯೇ ಎಂದು ನೋಡುತ್ತೇವೆ. ಒಣಗಿದ ಮೆತ್ತನೆಯ ಕುಂಚದಿಂದ ಮೇಲಿನಿಂದ ಕೆಳಕ್ಕೆ ಧೂಳು ತೆಗೆಯುತ್ತೇವೆ. ಒದ್ದೆ ಬಟ್ಟೆಯನ್ನು ಅದರ ಹತ್ತಿರಕ್ಕೂ ತರುವುದಿಲ್ಲ. ಹವೆಯ ತೇವ ಏರಿಳಿದು ಕ್ಯಾನ್ವಾಸು ಸಡಿಲವಾಗಿದ್ದರೆ, ಹಿಂಬದಿಯ ಮೂಲೆಗಳಲ್ಲಿರುವ ಮರದ ಬೆಣೆಗಳನ್ನು ಸಣ್ಣ ಸುತ್ತಿಗೆಯಿಂದ ಒಂದೆರಡು ಬಾರಿ ಮೆಲ್ಲಗೆ ತಟ್ಟಿ, ಮತ್ತೆ ಅದೇ ಎರಡು ಸ್ಕ್ರೂಗಳಿಗೆ ಸಿಕ್ಕಿಸುತ್ತೇವೆ.