ಹೆಸರೊಂದನ್ನು ಬದಲಿಸಿ ಕೇಳಿದಾಗ

"ನಾವು ಹಾಗೆಲ್ಲ ನೋಡಲ್ಲಪ್ಪ, ತಿಂಗಳಿಗೆ ಸರಿಯಾಗಿ ಬಾಡಿಗೆ ಕೊಟ್ಟರೆ ಸಾಕು."

ಮೈಸೂರಿನಲ್ಲಿ ಬಾಡಿಗೆ ಮನೆ ಮತ್ತು ಜಾತಿ-ಧರ್ಮದ ಬಗ್ಗೆ ಸಂಶೋಧನೆ ಶುರು ಮಾಡಿದಾಗ ಮಾಲೀಕರೆಲ್ಲ ಹೆಚ್ಚುಕಮ್ಮಿ ಹೀಗೇ ಹೇಳಿದರು. ಮನೆಗಾಗಿ ಅಲೆದವರು ಹೇಳಿದ್ದೇ ಬೇರೆ. ಹೆಸರು ಕೇಳಿದ ಕೂಡಲೇ "ನಿನ್ನೆಯೇ ಅಡ್ವಾನ್ಸ್ ತಗೊಂಡ್ವಿ" ಅಂತ ಉತ್ತರ ಬರುತ್ತಿತ್ತಂತೆ.

ಮಾತಿಗೂ ನಡತೆಗೂ ಅಂತರ ಇರುತ್ತದೆ ಅನ್ನುವುದು ಹಳೆಯ ವಿಷಯ. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಪಿಯೆರ್ 1930ರ ದಶಕದ ಆರಂಭದಲ್ಲಿ ಚೀನೀ ದಂಪತಿಯ ಜೊತೆ 251 ಹೋಟೆಲು, ತಂಗುದಾಣಗಳಿಗೆ ಹೋಗಿದ್ದರು. ಬೇಡ ಅಂದದ್ದು ಒಂದೇ ಕಡೆ. ಆಮೇಲೆ ಕಾಗದ ಬರೆದು ಕೇಳಿದರೆ, ಉತ್ತರ ಕೊಟ್ಟವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಜನ ಚೀನೀಯರನ್ನು ಸೇರಿಸುವುದಿಲ್ಲ ಎಂದರು. ಅಲ್ಲಿ ಮಾತು ಕಹಿ, ನಡತೆ ವಾಸಿ. ನಮ್ಮಲ್ಲಿ ಅದರ ತಿರುಗಾಮುರುಗಾ.

ನನಗೆ ದಾರಿ ತೋರಿಸಿದ್ದು ಅರ್ಥಶಾಸ್ತ್ರಜ್ಞ ಸುಖದೇವ ಥೋರಾಟ್ ಮತ್ತು ಸಮಾಜಶಾಸ್ತ್ರಜ್ಞ ಪಾಲ್ ಅಟ್ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ. ಪತ್ರಿಕೆಗಳ 548 ಉದ್ಯೋಗ ಜಾಹೀರಾತುಗಳಿಗೆ ಬೇರೆ ಬೇರೆ ಜಾತಿ-ಧರ್ಮದ ಕಲ್ಪಿತ ಹೆಸರುಗಳಲ್ಲಿ 4,808 ಅರ್ಜಿ ಹಾಕಿದ್ದರು. ಓದು ಸಮನಾಗಿದ್ದರೂ ದಲಿತ, ಮುಸ್ಲಿಂ ಹೆಸರಿನವರಿಗೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು.

ಹಾಗೆ ಸುಳ್ಳು ಹೆಸರಿನಲ್ಲಿ ಫೋನ್ ಮಾಡಲು ನನಗೆ ಮನಸ್ಸು ಬರಲಿಲ್ಲ. ಎಷ್ಟೋ ಮಾಲೀಕರು ವಯಸ್ಸಾದವರು, ಯಾರೋ ಬರುತ್ತಾರೆಂದು ಮನೆ ಹಿಡಿದಿಟ್ಟು ಕಾಯುತ್ತಾರೆ. ಅದಕ್ಕೆ ಚೀಟಿ ಮಾಡಿಕೊಂಡೆವು. ಗಂಡ-ಹೆಂಡತಿ, ಒಂದು ಮಗು, ಬ್ಯಾಂಕ್ ಕೆಲಸ, ಇಷ್ಟು ಸಂಬಳ. ಎಲ್ಲ ಚೀಟಿಯಲ್ಲೂ ಇದೇ, ಹೆಸರು ಮಾತ್ರ ಬೇರೆ. ಒಂದು ಮನೆಗೆ ಒಂದೇ ಚೀಟಿ. "ಇವರಿಗೆ ಮನೆ ಕೊಡ್ತೀರಾ?"

ಮೊದಲ ಸುತ್ತಿನಲ್ಲೇ ಒಂದು ತೊಡಕು ಕಂಡಿತು. ಮುಸ್ಲಿಂ ಹೆಸರು ಓದಿದವರು "ಮಾಂಸ ಮಾಡ್ತಾರಲ್ವಾ" ಅನ್ನುತ್ತಿದ್ದರು. ಬೇಡವಾಗಿದ್ದು ಧರ್ಮವೋ ಅಡುಗೆಯೋ? ತಿಳಿಯಲು ಊಟದ ಸಾಲನ್ನೂ ಸೇರಿಸಿದೆವು. ಎರಡು ಹೆಸರು, ಪ್ರತಿ ಹೆಸರಿಗೂ ಸಸ್ಯಾಹಾರಿ ಮತ್ತು ಮಾಂಸಾಹಾರಿ. ನಾಲ್ಕು ಬಗೆಯ ಚೀಟಿ.

ನನ್ನನ್ನು ತುಂಬಾ ಕಾಡಿದ್ದು ಮಾತ್ರ ಬೇರೆ ವಿಷಯ. ಜೊತೆಗಿದ್ದ ಹುಡುಗನೊಬ್ಬ ಮಡಿವಂತರ ಮನೆ ಅನ್ನಿಸಿದರೆ ಮುಸ್ಲಿಂ ಹೆಸರಿನ ಚೀಟಿ ತೆಗೆಯುತ್ತಲೇ ಇರಲಿಲ್ಲ. "ಸುಮ್ನೆ ಅವರಿಗೆ ಯಾಕೆ ಮುಜುಗರ ಮಾಡೋದು, ಮೇಡಂ?" ಅಂದ. ಅವನದು ಒಳ್ಳೆಯ ಮನಸ್ಸೇ. ಆದರೆ ಮನೆ ನೋಡಿ ಚೀಟಿ ಆರಿಸಿದರೆ ಪ್ರಯೋಗವೇ ಉಳಿಯುವುದಿಲ್ಲ. ಆಮೇಲೆ ಕಾಣುವ ವ್ಯತ್ಯಾಸ ಹೆಸರಿನಿಂದ ಬಂತೋ, ಮನೆಯಿಂದ ಬಂತೋ ಹೇಳಲಾಗದು. ಆ ವಾರದ ಉತ್ತರಗಳನ್ನೆಲ್ಲ ಬಿಟ್ಟೆವು. ಹಿಂದಿನ ರಾತ್ರಿಯೇ ಲಾಟರಿ ಎತ್ತಿ, ಲಕೋಟೆಗೆ ಹಾಕಿ ಅಂಟಿಸಿ, ನಂಬರ್ ಬರೆದೆವು. ಬಾಗಿಲು ತೆರೆದ ಮೇಲೆ ಮಾಲೀಕರೇ ಲಕೋಟೆ ಒಡೆಯಬೇಕು. ಅಕ್ಕಪಕ್ಕದವರು ಮಾತಾಡಿಕೊಳ್ಳುತ್ತಾರೆಂದು ಬೀದಿಗೆ ಒಂದೇ ಮನೆ ಇಟ್ಟುಕೊಂಡೆವು. ಕೊನೆಗೆ ಪ್ರತಿಯೊಬ್ಬರಿಗೂ ಚೀಟಿಯ ಗುಟ್ಟು ಹೇಳಿ, ಉತ್ತರ ಸೇರಿಸಲು ಒಪ್ಪಿಗೆ ಕೇಳಿದೆವು.

ಸಸ್ಯಾಹಾರಿ ಎಂದು ಬರೆದಿದ್ದರೂ ಹೆಸರಿನ ಅಂತರ ಉಳಿಯಿತು. ನಮ್ಮದು ಚಿಕ್ಕ ಪ್ರಯೋಗ, ಊರಿಗೆಲ್ಲ ಇದೇ ಸತ್ಯ ಎನ್ನಲಾರೆ. ಯಾಕೆ ಉಳಿಯಿತು ಅನ್ನುವುದು ಚೀಟಿಯಿಂದ ತಿಳಿಯುವುದಿಲ್ಲ. ಅದಕ್ಕೆ ಕೆಲವು ಮನೆಗಳಿಗೆ ಮತ್ತೆ ಹೋಗಿ ಕೂತೆ. ಒಬ್ಬ ತಾಯಿ ಕಾಫಿ ಕೊಟ್ಟು ಮೆಲ್ಲಗೆ ಹೇಳಿದರು: "ನಂಗೇನಿಲ್ಲಮ್ಮ. ಹಬ್ಬಕ್ಕೆ ನಮ್ಮತ್ತೆ ಕಡೆಯವರು ಬಂದಾಗ ಏನಂತಾರೋ ಅಂತ."

ಮುಂದಿನ ಸುತ್ತಿನ ಚೀಟಿಗೆ ಆ ನೆಂಟರನ್ನೂ ಸೇರಿಸುತ್ತಿದ್ದೇನೆ.