ಖಾಲಿ ಕಾಣುವ ಸೀಸೆ: ಕೀಮೊಕೈನ್ ಕರಗಿಸುವುದು ಹೇಗೆ?

ಮೊದಲ ಸಲ ಐಎಲ್-8 ಸೀಸೆ ಕೈಗೆ ಬಂದಾಗ ಅದರಲ್ಲಿ ಏನೂ ಇಲ್ಲ ಅಂದುಕೊಂಡಿದ್ದೆ. ಬೆಳಕಿಗೆ ಹಿಡಿದು ನೋಡಿದರೆ ತಳದಲ್ಲಿ ಒಣಗಿದ ಗಂಜಿಯ ಕಲೆಯಂತೆ ಒಂದು ತೆಳು ಪೊರೆ. ಇರುವುದೇ 10 ಮೈಕ್ರೊಗ್ರಾಂ, ಗ್ರಾಂನಲ್ಲಿ ಲಕ್ಷಕ್ಕೊಂದು ಪಾಲು!

ಐಎಲ್-8 (ಇಂಟರ್‌ಲ್ಯೂಕಿನ್-8) ಒಂದು ಕೀಮೊಕೈನ್. ಸೋಂಕು ತಗುಲಿದ ಜಾಗಕ್ಕೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆತರುವ ಪುಟ್ಟ ಪ್ರೋಟೀನು. ಮನುಷ್ಯನ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರಿಂದ ಮಾಡಿಸಿ, ಒಣಗಿಸಿ ಕೊಡುತ್ತಾರೆ. ಇದು ಪ್ರಯೋಗಕ್ಕೆ ಮಾತ್ರ, ಔಷಧಿ ಅಲ್ಲ.

ಶಂಕರಘಟ್ಟದಲ್ಲೋ ಶಿವಮೊಗ್ಗದಲ್ಲೋ ಬಯೋಟೆಕ್ನಾಲಜಿ ಓದುವವರು ಮುಖ್ಯವಾಗಿ ಗಮನಿಸಬೇಕಾದದ್ದು ನಮ್ಮ ಮಳೆಗಾಲದ ತೇವ. ಜಡಿಮಳೆಯಲ್ಲಿ ಹಪ್ಪಳದ ಡಬ್ಬಿ ತೆರೆದಿಟ್ಟರೆ ಏನಾಗುತ್ತೆ ಗೊತ್ತಲ್ವಾ? ಫ್ರೀಜರಿನಿಂದ ತೆಗೆದ ಸೀಸೆಯನ್ನು ಕೂಡಲೇ ತೆರೆದರೂ ಅದೇ ಕಥೆ. ತಣ್ಣನೆಯ ಗಾಜಿನ ಒಳಗೆ ಗಾಳಿಯ ನೀರು ಹನಿಗಟ್ಟುತ್ತದೆ, ಒಣ ಪ್ರೋಟೀನು ಅದನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಮುಚ್ಚಳ ತೆಗೆಯದೆ ಅರ್ಧ ಗಂಟೆ ಮೇಜಿನ ಮೇಲೆ ಬಿಡಿ. ಹೊರಗಡೆಯ ಇಬ್ಬನಿ ಪೂರ್ತಿ ಆರಲಿ, ಒರೆಸಿಕೊಳ್ಳಿ. ಅಷ್ಟು ಹೊತ್ತಿನಲ್ಲಿ ಜೊತೆಗೆ ಬಂದ ಮಾಹಿತಿ ಹಾಳೆಯನ್ನು ಓದಿ. ಯಾವುದರಲ್ಲಿ, ಎಷ್ಟರಲ್ಲಿ ಕರಗಿಸಬೇಕು ಅನ್ನುವುದು ಅದರಲ್ಲೇ ಇರುತ್ತದೆ.

ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ಅರ್ಧ ನಿಮಿಷ ತಿರುಗಿಸಿ. ಮುಚ್ಚಳಕ್ಕೆ ಅಂಟಿದ್ದ ಪುಡಿಯೂ ತಳಕ್ಕೆ ಬರುತ್ತದೆ. ಈಗ ತೆರೆಯಬಹುದು.

ಹಾಳೆಯಲ್ಲಿ ನೀರು ಅಂತ ಇದ್ದರೆ 100 ಮೈಕ್ರೊಲೀಟರ್ ಸ್ಟೆರೈಲ್ ನೀರನ್ನು ಗೋಡೆಗುಂಟ ಮೆಲ್ಲಗೆ ಇಳಿಸಿ. ಒಂದು ಮೈಕ್ರೊಲೀಟರಿಗೆ 100 ನ್ಯಾನೊಗ್ರಾಂ ಆಯಿತು. ಜೋರಾಗಿ ಅಲುಗಿಸುವ ವೋರ್ಟೆಕ್ಸ್ ಯಂತ್ರ ಬೇಡವೇ ಬೇಡ. ನೊರೆ ಬಂದರೆ ಪ್ರೋಟೀನು ಕೆಡುತ್ತದೆ. ಸುಮ್ನೆ ಒಂದೆರಡು ಸಲ ಓಲಾಡಿಸಿ, ಹತ್ತು ನಿಮಿಷ ಬಿಡಿ.

ಕರಗಿದ್ದನ್ನು 10 ಮೈಕ್ರೊಲೀಟರಿನಂತೆ ಸಣ್ಣ ಟ್ಯೂಬುಗಳಿಗೆ ಹಂಚಿ, ತಾರೀಖು ಬರೆದು, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ಮರ ಬಿದ್ದು ಕರೆಂಟು ಹೋದರೆ ಫ್ರೀಜರ್ ಬಾಗಿಲು ತೆರೆಯಬೇಡಿ. ಒಮ್ಮೆ ಕರಗಿದ ಟ್ಯೂಬನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಬಳಸುವ ದಿನ ಒಂದು ಟ್ಯೂಬಿಗೆ 90 ಮೈಕ್ರೊಲೀಟರ್ ಮೀಡಿಯಂ (ಜೀವಕೋಶಗಳನ್ನು ಇಡುವ ಪೋಷಕ ದ್ರವ) ಸೇರಿಸಿ. ಆ ಮೀಡಿಯಂನಲ್ಲಿ ಶೇ 0.1ರಷ್ಟು ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನು) ಇರಲೇಬೇಕು. ಇಲ್ಲದಿದ್ದರೆ ಇಷ್ಟು ತೆಳುವಾದ ಪ್ರೋಟೀನು ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಹೋಗುತ್ತದೆ. ಇದರಲ್ಲಿ 10 ಮೈಕ್ರೊಲೀಟರ್ ತೆಗೆದು ಅದೇ ಮೀಡಿಯಂನ 990 ಮೈಕ್ರೊಲೀಟರಿಗೆ ಹಾಕಿದರೆ ಮಿಲಿಲೀಟರಿಗೆ 100 ನ್ಯಾನೊಗ್ರಾಂ. ಅಲ್ಲಿಂದ 10ರವರೆಗೆ ಇಳಿಸುತ್ತಾ ನೋಡಿ. ಜಾಸ್ತಿ ಹಾಕಿದಷ್ಟೂ ಕಣಗಳು ಜಾಸ್ತಿ ಬರುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಓಡಾಟ ಕಡಿಮೆಯಾಗುತ್ತದೆ.

ನ್ಯೂಟ್ರೋಫಿಲ್ ಬೇಕಾದರೆ ರಕ್ತ ತೆಗೆಯಬೇಕು, ಅದಕ್ಕೆ ನೈತಿಕ ಸಮಿತಿಯ ಅನುಮತಿ ಮೊದಲೇ ಪಡೆದಿರಿ. ಟ್ರಾನ್ಸ್‌ವೆಲ್ ಅಂದರೆ ನಡುವೆ ರಂಧ್ರಗಳ ಪೊರೆ ಇರುವ, ಮೇಲೆ ಕೆಳಗೆ ಎರಡು ಕೋಣೆಗಳ ಪುಟ್ಟ ಗುಳಿ (ವೆಲ್). 3 ಮೈಕ್ರಾನ್ ರಂಧ್ರದ ಟ್ರಾನ್ಸ್‌ವೆಲ್‌ನಲ್ಲಿ ಕಣಗಳು ಮೇಲೆ, ಐಎಲ್-8 ಕೆಳಗೆ. ಒಂದು ವೆಲ್‌ಗೆ ಐಎಲ್-8 ಹಾಕಬೇಡಿ. ಇನ್ನೊಂದಕ್ಕೆ ಮೇಲೂ ಕೆಳಗೂ ಸಮವಾಗಿ ಹಾಕಿ. ಕಣಗಳು ಕರೆ ಕೇಳಿ ಬಂದವೋ, ಸುಮ್ಮನೆ ಅಡ್ಡಾಡಿ ಬಂದವೋ ಅನ್ನುವುದು ಆ ಎರಡು ವೆಲ್‌ಗಳಿಂದಲೇ ತಿಳಿಯುತ್ತದೆ.